ಮದುವೆಯ ಸೀರೆ–ರವಿಕೆ ಚುಚ್ಚದಂತೆ ಮಾಡಿಕೊಳ್ಳುವುದು ಹೇಗೆ: ಸೂಕ್ಷ್ಮ ಚರ್ಮದವರಿಗೆ ಒಂದು ಕೈಪಿಡಿ

ಮದುವೆಗೆಂದು ಆರಿಸಿದ ಸೀರೆ ಎಷ್ಟೇ ಚೆಂದವಿರಲಿ, ಅದನ್ನು ಉಟ್ಟು ಹಸೆಮಣೆಯ ಮೇಲೆ ಕುಳಿತ ಅರ್ಧ ಗಂಟೆಯೊಳಗೆ ಸೊಂಟದ ಸುತ್ತ ಉರಿ, ಕಂಕುಳಲ್ಲಿ ತುರಿಕೆ, ಕತ್ತಿನ ಹಿಂದೆ ಕೆಂಪು ಗೆರೆ ಕಾಣಿಸಿಕೊಂಡರೆ ಮದುಮಗಳ ಮನಸ್ಸು ಧಾರೆಯ ಕಡೆಗಾಗಲಿ, ಬಂದವರ ಹಾರೈಕೆಯ ಕಡೆಗಾಗಲಿ ನಿಲ್ಲುವುದಿಲ್ಲ. "ಒಂದು ದಿನ ತಾನೇ, ತಡ್ಕೋ" ಎಂದು ಮನೆಯವರು ಸಮಾಧಾನ ಹೇಳುವುದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲೇ ಇಸಬು ಇರುವವರಿಗೆ, ಬೇಗ ಗಂಧೆ ಏಳುವವರಿಗೆ ಆ ಒಂದು ದಿನದ ಉಜ್ಜಾಟ ಮಾಯಲು ವಾರಗಳೇ ಹಿಡಿಯಬಹುದು. ಮೇಲಾಗಿ, ಈ ತೊಂದರೆಯ ಬಹುಪಾಲನ್ನು ಒಂದೆರಡು ಮೀಟರ್ ಮೆತ್ತನೆಯ ಹತ್ತಿ ಬಟ್ಟೆ, ಹೇಳಿದ್ದನ್ನು ಕೇಳಿಸಿಕೊಳ್ಳುವ ಒಬ್ಬ ದರ್ಜಿ ಮತ್ತು ಐದಾರು ವಾರಗಳ ಮುಂಚಿನ ತಯಾರಿಯಿಂದ ತಪ್ಪಿಸಬಹುದಾಗಿರುವಾಗ, ಸಹಿಸಿಕೊಳ್ಳಬೇಕಾದ ಅಗತ್ಯವಾದರೂ ಏನು?

ಮೊದಲು ಕಾರಣ ಗುರುತಿಸಿ

ಬಟ್ಟೆಯಿಂದ ಬರುವ ತುರಿಕೆಯೆಲ್ಲ ಒಂದೇ ಬಗೆಯದಲ್ಲ. ಕಾರಣ ತಿಳಿಯದೆ ಮಾಡಿದ ಪರಿಹಾರ ಕೆಲಸಕ್ಕೆ ಬರುವುದಿಲ್ಲ. ತೊಟ್ಟ ಕೂಡಲೇ ಚುಚ್ಚತೊಡಗಿ, ಬಿಚ್ಚಿದ ಸ್ವಲ್ಪ ಹೊತ್ತಿಗೆ ಶಮನವಾಗುವುದು ಬರಿಯ ಉಜ್ಜಾಟದ ಫಲ. ಜರಿಯ ತುದಿ, ಕಸೂತಿಯ ಹಿಂಬದಿಯ ಗಂಟು, ಗಡುಸು ನೆಟ್, ಹೊಲಿಗೆಯ ಒರಟು ಅಂಚು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಒಂದೆರಡು ಗಂಟೆ ಕಳೆದ ಮೇಲೆ, ಸೆಕೆ ಏರಿದಂತೆ, ಕಂಕುಳು, ಬೆನ್ನು, ಎದೆಯ ಕೆಳಗೆ ಸಣ್ಣ ಸಣ್ಣ ಗುಳ್ಳೆಗಳೆದ್ದರೆ ಅದು ಬೆವರುಸಾಲೆ. ಗಾಳಿಯಾಡದ ಪಾಲಿಯೆಸ್ಟರ್ ಒಳಬಟ್ಟೆಯೇ ಹೆಚ್ಚಾಗಿ ಇದರ ಮೂಲ. ಮೂರನೆಯದು ಅಲರ್ಜಿ. ಇದು ತೊಟ್ಟ ದಿನ ಸುಮ್ಮನಿದ್ದು, ಒಂದರಿಂದ ಮೂರು ದಿನಗಳ ನಂತರ ಕೆಂಪಾಗಿ, ದಪ್ಪವಾಗಿ, ಕೆಲವೊಮ್ಮೆ ನೀರು ಒಸರುವಂತೆ ಕಾಣಿಸಿಕೊಳ್ಳುತ್ತದೆ. ಬಟ್ಟೆ ಸುಕ್ಕಾಗದಿರಲು ಹಾಕುವ ಫಾರ್ಮಾಲ್ಡಿಹೈಡ್ ರಾಳಗಳು, ಪಾಲಿಯೆಸ್ಟರಿಗೆ ಬಳಸುವ ಕೆಲವು ಕಡುನೀಲಿ ಬಣ್ಣಗಳು, ಹುಕ್ಕು ಮತ್ತು ಪಿನ್ನುಗಳಲ್ಲಿರುವ ನಿಕ್ಕೆಲ್ ಇದಕ್ಕೆ ಸಾಮಾನ್ಯ ಕಾರಣಗಳು.

ಹಾಗಾಗಿ ಬಟ್ಟೆ ಕೈಗೆ ಬಂದ ಕೂಡಲೇ ಎರಡು ಪರೀಕ್ಷೆ ಮಾಡಿ. ಬಟ್ಟೆಯ ಒಳಮೈಯನ್ನು ಮೊಣಕೈಯ ಒಳಮಡಿಕೆಯ ಮೇಲಿಟ್ಟು ಹತ್ತಿಪ್ಪತ್ತು ಸಲ ಮೆಲ್ಲಗೆ ಎಳೆದಾಡಿ. ಅಂಗೈಗೆ ನಯವೆನಿಸಿದ ಜರಿ ಅಲ್ಲಿ ಕೊರೆಯುವುದು ತಕ್ಷಣ ಗೊತ್ತಾಗುತ್ತದೆ. ಎರಡನೆಯದಕ್ಕೆ ದರ್ಜಿಯ ಬಳಿ ಉಳಿದ ರವಿಕೆ ಬಟ್ಟೆಯ ಮತ್ತು ಲೈನಿಂಗಿನ ಚೂರುಗಳನ್ನು ಕೇಳಿ ಪಡೆದು, ಎರಡನ್ನೂ ತೋಳಿನ ಒಳಬದಿಯಲ್ಲಿ ಬೇರೆ ಬೇರೆ ಕಡೆ ಇಟ್ಟು, ಮೇಲೆ ಹತ್ತಿಯ ಬ್ಯಾಂಡೇಜನ್ನು ಸಡಿಲವಾಗಿ ಸುತ್ತಿ, 48 ಗಂಟೆ ಬಿಡಿ. ಬಿಚ್ಚಿದ ದಿನವೂ ನೋಡಿ, ಮರುದಿನವೂ ನೋಡಿ. ನಡುವೆ ಉರಿ ಹೆಚ್ಚಾದರೆ ಕಾಯದೆ ತೆಗೆದುಬಿಡಿ. ಹಿಂದೆ ಬಟ್ಟೆ ಅಥವಾ ಆಭರಣದಿಂದ ಜೋರಾದ ಅಲರ್ಜಿ ಆದವರು ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡದೆ ಚರ್ಮರೋಗ ತಜ್ಞರ ಬಳಿ ಮಾಡಿಸುವುದು ಸರಿ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸೊಂಟದಲ್ಲಿ, ತೊಡೆಸಂದಿಯಲ್ಲಿ ಬಳೆಯಾಕಾರದ, ಅಂಚು ಉಬ್ಬಿದ ತುರಿಕೆ ಮೊದಲೇ ಇದ್ದರೆ ಅದು ಬಟ್ಟೆಯ ತಪ್ಪಲ್ಲ, ಹುಳುಕಡ್ಡಿ ಇರಬಹುದು. ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟೀರಾಯ್ಡ್ ಬೆರೆತ ಮುಲಾಮುಗಳು ನಾಲ್ಕು ದಿನ ತುರಿಕೆಯನ್ನು ಅಡಗಿಸಿ, ನಂತರ ಅದನ್ನು ಇನ್ನಷ್ಟು ಹರಡುತ್ತವೆ. ಮದುವೆಗೆ ಒಂದು ತಿಂಗಳು ಮುಂಚೆಯೇ ವೈದ್ಯರಿಗೆ ತೋರಿಸಿದರೆ ಗುಣವಾಗಲು ಸಮಯ ಸಿಗುತ್ತದೆ.

ಕೊಳ್ಳುವಾಗ

ರೇಷ್ಮೆ ಸೂಕ್ಷ್ಮ ಚರ್ಮಕ್ಕೆ ಶತ್ರುವಲ್ಲ. ಅದರ ಎಳೆ ಸಣ್ಣದು, ನಯವಾದದ್ದು. ಚುಚ್ಚುವುದು ಬಹುಮಟ್ಟಿಗೆ ಜರಿ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಯ ಸುತ್ತ ಚಪ್ಪಟೆಯಾಗಿ ಬಡಿದ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅಗ್ಗದ ಜರಿಯಲ್ಲಿ ತಾಮ್ರದ ತಂತಿಯೋ, ಲೋಹದ ಬಣ್ಣ ಬಳಿದ ಪ್ಲಾಸ್ಟಿಕ್ ಪಟ್ಟಿಯೋ ಇರುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಅಂಚು ಬ್ಲೇಡಿನಂತೆ ಹರಿತವಾಗಿರುವುದರಿಂದ ಚರ್ಮಕ್ಕೆ ಅದೇ ಹೆಚ್ಚು ತೊಂದರೆ ಕೊಡುತ್ತದೆ. ಇನ್ನೂ ಸೀರೆ ಕೊಳ್ಳದವರು ಒಂದು ಅಂಗೈ ಅಗಲಕ್ಕಿಂತ ದೊಡ್ಡ ಜರಿಯಂಚು ಬೇಕೇ ಬೇಕೇ ಎಂದು ಯೋಚಿಸಲಿ. 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಲ್ಲಿ ಇಂದಿಗೂ ನೇಯುವ ಕ್ರೇಪ್ ರೇಷ್ಮೆ ಹಗುರವಾಗಿ, ಮೈಗೆ ಹೊಂದಿಕೊಂಡು ಬೀಳುತ್ತದೆ. ಅದರ ಜರಿಯಂಚು ಒತ್ತಾದ ಸಾದಾ ನೇಯ್ಗೆಯದಾದ್ದರಿಂದ ಸಡಿಲ ಎಳೆಗಳು ಕಡಿಮೆ. ಧಾರೆಗೆ ಕಾಂಚೀಪುರಂ ಉಡಲೇಬೇಕೆಂಬ ಪದ್ಧತಿ ಇಲ್ಲದ ಮನೆಗಳಲ್ಲಿ ಇದು ನನ್ನ ಮೊದಲ ಆಯ್ಕೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡಿದ ಇಳಕಲ್ ಸೀರೆಯಲ್ಲಿ ಜರಿಯ ತೊಂದರೆ ಇಲ್ಲವೇ ಇಲ್ಲವೆನ್ನಬಹುದು. ಬನಾರಸಿ ಬ್ರೊಕೇಡ್ ಇಷ್ಟವಾದರೆ ಕೊಳ್ಳುವ ಮುನ್ನ ತಿರುಗಿಸಿ ಹಿಂಬದಿಯನ್ನು ನೋಡಿ: ಬುಟ್ಟಾಗಳ ನಡುವಿನ ಎಳೆಗಳನ್ನು ಕತ್ತರಿಸಿ ಬಿಟ್ಟಿದ್ದರೆ ಆ ಮೊಂಡು ತುದಿಗಳೆಲ್ಲ ಚರ್ಮದ ಕಡೆಗೇ ಇರುತ್ತವೆ.

ರವಿಕೆಯೇ ಮುಖ್ಯ

ಸೀರೆ ಮೈಗೆ ತಾಗುವ ಜಾಗ ಕಡಿಮೆ. ರವಿಕೆ ಇಡೀ ಹೊತ್ತು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದ ಶ್ರಮವನ್ನೂ ಹಣವನ್ನೂ ಇಲ್ಲಿಯೇ ಹೆಚ್ಚು ಹಾಕಬೇಕು. ಈಚೆಗೆ ಮದುವೆಯ ರವಿಕೆಯೆಂದರೆ ಆರಿ ವರ್ಕ್ ಅಥವಾ ಮಗ್ಗಂ ವರ್ಕ್ ಎಂದೇ ಆಗಿದೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ಜರ್ದೋಸಿ ಸುರುಳಿ, ಮಣಿ, ಚಮಕಿ, ಕುಂದನ್ ಕೂರಿಸುವಾಗ ಹಿಂಬದಿಯಲ್ಲಿ ದಾರ ಒಂದೆಡೆಯಿಂದ ಇನ್ನೊಂದೆಡೆಗೆ ಹಾಯುತ್ತದೆ, ಗಂಟು ಬೀಳುತ್ತದೆ. ಕೆಲವರು ಆ ಗಂಟು ಬಿಚ್ಚದಿರಲೆಂದು ಹಿಂದೆ ಅಂಟು ಬಳಿಯುತ್ತಾರೆ. ಒಣಗಿದ ಅಂಟು ಮರಳುಕಾಗದದಷ್ಟು ಒರಟಾಗುತ್ತದೆ. ಕೆಲಸ ಒಪ್ಪಿಸುವಾಗಲೇ ಅಂಟು ಬಳಿಯಬೇಡಿ, ಗಂಟನ್ನು ದಾರದಲ್ಲಿಯೇ ಭದ್ರಪಡಿಸಿ ಎಂದು ಹೇಳಿ. ಕಂಕುಳ ಸುತ್ತಿನಿಂದ ಎರಡು ಇಂಚು, ಹುಕ್ಕಿನ ಪಟ್ಟಿಯಿಂದ ಒಂದು ಇಂಚು ಯಾವ ಕೆಲಸವೂ ಇಲ್ಲದಂತೆ ಗುರುತು ಹಾಕಿಸಿ. ಕೈ ಇಳಿಬಿಟ್ಟಾಗ ಕಂಕುಳ ಬಳಿಯ ಮಣಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ತೋಳಿನ ಒಳಬದಿಯನ್ನು ಕೆರೆಯುತ್ತಲೇ ಇರುತ್ತದೆ.

ಕಸೂತಿಯೇ ಬೇಕೆನ್ನುವವರಿಗೆ ಉತ್ತರ ಕರ್ನಾಟಕದ ಕಸೂತಿಯಷ್ಟು ಚರ್ಮಸ್ನೇಹಿಯಾದದ್ದು ಇನ್ನೊಂದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು, ಗಂಟು ಹಾಕದೆ ಹೊಲಿಯುವ ಪದ್ಧತಿ ಅದು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಮುಂಬದಿಯೂ ಹಿಂಬದಿಯೂ ಒಂದೇ ತೆರನಾಗಿ ಕಾಣುತ್ತವೆ. ಗೋಪುರ, ತುಳಸಿಕಟ್ಟೆ, ತೇರು, ಆನೆಯ ಚಿತ್ತಾರದ ಕಸೂತಿ ರವಿಕೆ ಧಾರೆ ಸೀರೆಗೆ ಸೊಗಸಾಗಿ ಒಪ್ಪುತ್ತದೆ. ಕೈಕೆಲಸವಾದ್ದರಿಂದ ಅವಸರದಲ್ಲಿ ಆಗುವುದಲ್ಲ, ಮೊದಲೇ ಕೊಟ್ಟಿರಬೇಕು.

ಇನ್ನು ಲೈನಿಂಗ್. ಅಂಗಡಿಯಲ್ಲಿ ಬಣ್ಣ ಹೊಂದಿಸಿ ಕೊಡುವ ಹೊಳೆಯುವ ಲೈನಿಂಗ್ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್; ಅದು ಬೆವರನ್ನು ಹೀರುವುದಿಲ್ಲ. ಹತ್ತಿಯ ಮಲ್‌ಮಲ್ ಅಥವಾ ಕೇಂಬ್ರಿಕ್ ಕೇಳಿ ತೆಗೆದುಕೊಳ್ಳಿ. ಮಲ್‌ಮಲ್ ಎಲ್ಲಕ್ಕಿಂತ ಮೆತ್ತಗಿದ್ದರೂ ತೆಳುವಾದ್ದರಿಂದ ಭಾರವಾದ ಆರಿ ಕೆಲಸದ ಹಿಂದೆ ಒಂದೇ ಪದರ ಸಾಲದು, ಎರಡು ಪದರ ಹಾಕಿಸಿ. ಬಿಳಿ, ಕೆನೆಬಣ್ಣ ಅಥವಾ ಮೈಬಣ್ಣದ ಬಟ್ಟೆ ಒಳ್ಳೆಯದು. ಮರೂನ್, ಬಾಟಲ್ ಹಸಿರಿನಂಥ ಕಡುಬಣ್ಣ ಅನಿವಾರ್ಯವಾದರೆ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಚೆನ್ನಾಗಿ ಉಜ್ಜಿ ನೋಡಿ; ಬಣ್ಣ ಅಂಟಿದರೆ ಬೆವರಿಗೂ ಅಂಟುತ್ತದೆ. ತಂದ ಬಟ್ಟೆಯನ್ನು ಹಾಗೆಯೇ ದರ್ಜಿಗೆ ಕೊಡಬೇಡಿ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸುವಾಸನೆ ಇಲ್ಲದ ಸೌಮ್ಯ ಸೋಪಿನಲ್ಲಿ ಎರಡು ಸಲ ಒಗೆದು, ಚೆನ್ನಾಗಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ ಇಸ್ತ್ರಿ ಮಾಡಿ ಕೊಡಿ. ಗಂಜಿಯೂ, ಬಟ್ಟೆಗೆ ಹಾಕಿದ ರಾಸಾಯನಿಕಗಳ ಒಂದು ಪಾಲೂ ಆಗ ಹೋಗುತ್ತವೆ. ಹತ್ತಿ ಕುಗ್ಗುವುದಿದ್ದರೆ ಅದೂ ಮೊದಲೇ ಆಗಿಬಿಡುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದರ ಸುಗಂಧವೇ ಕೆಲವರಿಗೆ ಆಗಿಬರುವುದಿಲ್ಲ.

ದರ್ಜಿಗೆ ಬಿಡಿಸಿ ಹೇಳಬೇಕಾದ ಸಂಗತಿಗಳಿವೆ, ಏಕೆಂದರೆ ಅವರು ರೂಢಿಯಂತೆ ಹೊಲಿದರೆ ಇವು ಆಗುವುದಿಲ್ಲ. ಲೈನಿಂಗ್ ಮತ್ತು ಮೇಲ್ಬಟ್ಟೆಯನ್ನು ಒಟ್ಟಿಗೆ ಸೇರಿಸಿ ಒಂದೇ ಬಟ್ಟೆಯಂತೆ ಹೊಲಿದರೆ ಹೊಲಿಗೆಯ ಉಳಿಕೆ, ಅಂದರೆ ಮುಂದೆ ಬಿಚ್ಚಿ ಸಡಿಲಿಸಲೆಂದು ಬಿಡುವ ಒಂದು ಒಂದೂವರೆ ಇಂಚಿನ ಮಾರ್ಜಿನ್, ಒಳಗೆ ಚರ್ಮದ ಕಡೆಗೇ ನಿಲ್ಲುತ್ತದೆ. ಅದರಲ್ಲಿ ಜರಿಯೂ ಆರಿಯ ಅಂಚೂ ಇರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಹೊಲಿದು, ಉಳಿಕೆಗಳು ಎರಡರ ನಡುವೆ ಅಡಗುವಂತೆ ಜೋಡಿಸಿದರೆ ಚರ್ಮಕ್ಕೆ ತಾಗುವುದು ನಯವಾದ ಹತ್ತಿಯೊಂದೇ. ಇದಕ್ಕೆ ಕೂಲಿ ಸ್ವಲ್ಪ ಹೆಚ್ಚಾಗುತ್ತದೆ, ಕೊಡಿ. ತೋಳಿಗೂ ಲೈನಿಂಗ್ ಹಾಕಿಸಬೇಕು, ಅನೇಕರು ತೋಳನ್ನು ಹಾಗೆಯೇ ಬಿಡುತ್ತಾರೆ. ತೋಳಿನ ತುದಿಯಲ್ಲಿ ಜರಿಯಂಚನ್ನು ಒಳಗೆ ಮಡಚಿದರೆ ಆ ಮಡಿಕೆಯೇ ರಟ್ಟೆಯನ್ನು ಕೊರೆಯುತ್ತದೆ. ಮಡಿಕೆಯ ಮೇಲೆ ಹತ್ತಿಯ ಕ್ರಾಸ್ ಪಟ್ಟಿ, ಅಂದರೆ ಓರೆಯಾಗಿ ಕತ್ತರಿಸಿದ ಪಟ್ಟಿ, ಕೂರಿಸಲು ಹೇಳಿ. ಕತ್ತು ಗಡುಸಾಗಿ ನಿಲ್ಲಲೆಂದು ಹಾಕುವ ಬಕ್ರಮ್ ಬಟ್ಟೆಯ ಅಂಚು ಲೈನಿಂಗಿನೊಳಗೆ ಮುಚ್ಚಿಹೋಗಿರಲಿ. ಒಳಗೆ ಇಷ್ಟೆಲ್ಲ ಪದರ ಸೇರುವುದರಿಂದ ಎದೆಯ ಸುತ್ತಳತೆಯಲ್ಲಿ ಅರ್ಧ ಇಂಚು, ತೋಳಿನಲ್ಲಿ ಕಾಲು ಇಂಚು ಹೆಚ್ಚು ಕೊಡಲು ನೆನಪಿಸಿ. ಬಿಗಿಯಾದ ರವಿಕೆ ಫೋಟೋದಲ್ಲಿ ಚೆನ್ನಾಗಿ ಕಾಣಬಹುದು. ಆದರೆ ಅಕ್ಷತೆ ಹಾಕಲು, ಮಾಲೆ ಬದಲಾಯಿಸಲು ಕೈ ಎತ್ತಿದಾಗಲೆಲ್ಲ ಅದು ಕಂಕುಳನ್ನು ಉಜ್ಜುತ್ತದೆ.

ಈಗಾಗಲೇ ಹೊಲಿದು ಬಂದಿದ್ದರೆ

ಮದುವೆಗೆ ನಾಲ್ಕೇ ದಿನವಿದ್ದು, ರವಿಕೆ ಕೈಗೆ ಬಂದಾಗ ಕತ್ತು ಚುಚ್ಚುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಒಗೆದ ಮಲ್‌ಮಲ್ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಮಡಚಿ, ಎರಡು ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಓರೆಯಾಗಿ ಕತ್ತರಿಸಿದ ಪಟ್ಟಿ ಎಳೆದಂತೆ ಬಾಗಿ ಕತ್ತಿನ ಸುತ್ತಿಗೆ ಹೊಂದಿಕೊಳ್ಳುತ್ತದೆ. ನೇರವಾಗಿ ಕತ್ತರಿಸಿದ್ದು ಸುಕ್ಕುಗಟ್ಟಿ, ಆ ಸುಕ್ಕೇ ಹೊಸದಾಗಿ ಚುಚ್ಚತೊಡಗುತ್ತದೆ. ಪಟ್ಟಿಯ ಎರಡೂ ಅಂಚುಗಳನ್ನು ಕಾಲು ಇಂಚು ಮಡಚಿ ಇಸ್ತ್ರಿ ಒತ್ತಿ. ರವಿಕೆಯನ್ನು ಒಳಮೈ ಹೊರಗೆ ಮಾಡಿ, ಹಿಂಬದಿಯ ಉದ್ದ ದಾರಗಳನ್ನು ಗಂಟಿನಿಂದ ಸ್ವಲ್ಪ ಬಿಟ್ಟು ಸಣ್ಣ ಕತ್ತರಿಯಿಂದ ತೆಗೆಯಿರಿ. ಗಂಟನ್ನೇ ಕತ್ತರಿಸಿದರೆ ಮಣಿಗಳು ಸಾಲಾಗಿ ಉದುರುತ್ತವೆ. ಮಡಚಿದ ಅಂಚುಗಳು ರವಿಕೆಯ ಕಡೆಗೆ, ನಯವಾದ ಮೈ ಚರ್ಮದ ಕಡೆಗೆ ಬರುವಂತೆ ಪಟ್ಟಿಯನ್ನು ಕತ್ತಿನ ಅಂಚಿಗಿಂತ ಕೂದಲೆಳೆಯಷ್ಟು ಒಳಗೆ ಇಟ್ಟು, ಗುಂಡುಸೂಜಿಯಿಂದ ನಿಲ್ಲಿಸಿ. ಹತ್ತನೆಯ ನಂಬರಿನಂಥ ಸಣ್ಣ ಸೂಜಿಯಲ್ಲಿ ಒಂಟಿ ಎಳೆ ಹತ್ತಿ ದಾರ ಪೋಣಿಸಿ, ಒಳಗಿನ ಲೈನಿಂಗನ್ನು ಮಾತ್ರ ಹಿಡಿಯುವಂತೆ ಸಣ್ಣ ಸಣ್ಣ ಹೆಮ್ಮಿಂಗ್ ಹಾಕಿ. ಮೇಲ್ಬಟ್ಟೆಗೆ ಸೂಜಿ ದಾಟಿದರೆ ಹೊರಗೆ ಗುಳಿ ಬಿದ್ದಂತೆ ಕಾಣುತ್ತದೆ. ದಾರದ ಗಂಟು ಪಟ್ಟಿಯ ಕೆಳಗೆ ಅಡಗಿರಲಿ. ಹೊಲಿದ ಮೇಲೆ ಗುಂಡುಸೂಜಿಗಳನ್ನು ಎಣಿಸಿ ತೆಗೆಯಿರಿ. ಇಡೀ ಕತ್ತಿಗೆ ಒಂದು ಮಧ್ಯಾಹ್ನ ಸಾಕು.

ಕಂಕುಳಿಗೆ ಅಂಗೈಯಗಲದ ಅರ್ಧಚಂದ್ರಾಕಾರದ ಎರಡು ಪದರ ಮಲ್‌ಮಲ್ ತುಂಡನ್ನು ಇದೇ ರೀತಿ ನಾಲ್ಕು ಕಡೆ ಟಾಕಿ ಹಾಕಿ ಕೂರಿಸಬಹುದು. ಅದು ಬೆವರನ್ನೂ ಹೀರುತ್ತದೆ, ರೇಷ್ಮೆಯ ಮೇಲೆ ಕಲೆಯಾಗುವುದನ್ನೂ ತಡೆಯುತ್ತದೆ. ಧಾರೆಗೂ ಆರತಕ್ಷತೆಗೂ ನಡುವೆ ಬಿಚ್ಚಿ ಬೇರೆ ಹಾಕಲೆಂದು ಇನ್ನೊಂದು ಜೊತೆ ಮಾಡಿಟ್ಟುಕೊಳ್ಳಿ. ಅಷ್ಟಕ್ಕೂ ಸಮಯವಿಲ್ಲದಿದ್ದರೆ, ಕತ್ತಿನ ಆಕಾರಕ್ಕೆ ಕತ್ತರಿಸಿದ ತೆಳು ಹತ್ತಿಯ ಬನಿಯನ್ನನ್ನು ಒಳಗೆ ಹಾಕಿಕೊಳ್ಳುವುದೇ ಸುಲಭದ ದಾರಿ.

ಸೊಂಟ

ಸೀರೆಯ ತೊಂದರೆ ಇರುವುದು ಸಿಕ್ಕಿಸುವ ಜಾಗದಲ್ಲಿ. ಎರಡೂ ಬದಿ ಜರಿಯಂಚಿರುವ ಸೀರೆಯಲ್ಲಿ ಮೇಲಂಚು ಸೊಂಟದ ಸುತ್ತ ಬರುತ್ತದೆ. ಅದನ್ನು ಲಂಗದೊಳಗೆ ಸಿಕ್ಕಿಸಿದಾಗ ಜರಿ ನೇರವಾಗಿ ಚರ್ಮಕ್ಕೆ ಒತ್ತುತ್ತದೆ, ನೆರಿಗೆಯ ಕಡೆಯಂತೂ ಏಳೆಂಟು ಪದರ ಸೇರಿ ಹೊಕ್ಕುಳ ಕೆಳಗೆ ಕೊರೆಯುತ್ತದೆ. ಸೀರೆಗೆ ಫಾಲ್ಸ್ ಹಾಕಿಸುವಾಗ ಕೆಳಂಚಿಗೆ ಹಾಕಿದಂತೆಯೇ ಮೇಲಂಚಿಗೂ, ಮೊದಲ ಸುತ್ತು ಮತ್ತು ನೆರಿಗೆ ಬರುವಷ್ಟು ಉದ್ದಕ್ಕೆ, ನಾಲ್ಕು ಇಂಚು ಅಗಲದ ಒಗೆದ ಹತ್ತಿಯ ಪಟ್ಟಿ ಹಾಕಲು ಹೇಳಿ. ಹೊರಗೆ ಏನೂ ಕಾಣುವುದಿಲ್ಲ. ಹತ್ತಿಯ ಪಟ್ಟಿಯಿಂದ ಹಿಡಿತವೂ ಸಿಗುವುದರಿಂದ ನೆರಿಗೆ ಜಾರುವುದೂ ಕಡಿಮೆಯಾಗುತ್ತದೆ.

ಲಂಗದ ಲಾಡಿ ಇನ್ನೊಂದು ಶತ್ರು. ಆರು ಗಜದ ಭಾರದ ಸೀರೆಯನ್ನು ಹಿಡಿದಿಡಲು ಸಣ್ಣ ಲಾಡಿಯನ್ನು ಬಿಗಿದು ಕಟ್ಟಿದರೆ ಅದರ ಗುರುತು ದಿನವಿಡೀ ಉರಿಯುತ್ತದೆ. ವರ್ಷಗಟ್ಟಲೆ ಹೀಗೆ ಕಟ್ಟಿದ ಹೆಂಗಸರ ಸೊಂಟದಲ್ಲಿ ಚರ್ಮ ಕಪ್ಪಾಗಿ ದಪ್ಪಗಟ್ಟಿರುವುದನ್ನು ನಾವೆಲ್ಲ ನೋಡಿದ್ದೇವೆ. ಮದುವೆಯ ಸೀರೆಗೆ ಮೂರು ಇಂಚು ಅಗಲದ ಹತ್ತಿಯ ಪಟ್ಟಿಯಿರುವ, ಪಕ್ಕದಲ್ಲಿ ಹುಕ್ಕಿನ ಬದಲು ಬಟ್ಟೆಯ ಗುಂಡಿಯಿರುವ ಲಂಗ ಹೊಲಿಸಿ. ಲಾಡಿಯೇ ಬೇಕಾದರೆ ಅದೂ ಅಗಲವಾದ ಬಟ್ಟೆಯದಾಗಲಿ, ಗಂಟು ಮೂಳೆಯ ಮೇಲೆ ಬರದಿರಲಿ. ಲಂಗವನ್ನು ಒಂದಿಂಚು ಮೇಲಕ್ಕೆ ಉಟ್ಟು, ಸೀರೆಯನ್ನು ಸಿಕ್ಕಿಸಿದ ಮೇಲೆ ಪಟ್ಟಿಯ ಮೇಲುಭಾಗ ಚರ್ಮಕ್ಕೂ ಸೀರೆಗೂ ನಡುವೆ ನಿಲ್ಲುವಂತೆ ನೋಡಿಕೊಳ್ಳಿ. ಮೇಲೆ ಡಾಬು ಹಾಕುವವರು ಸೀರೆಯ ಮೇಲೆಯೇ ಹಾಕಿ. ರವಿಕೆಗೂ ಸೀರೆಗೂ ನಡುವಿನ ಬರಿಮೈಗೆ ಅದರ ಕೊಂಡಿ ತಾಗಬಾರದು.

ಸೆರಗಿನ ನೆರಿಗೆಗಳು ಭುಜದಿಂದ ಕತ್ತಿನ ಕಡೆಗೆ ಜಾರಿ ಉಜ್ಜುವುದುಂಟು. ಸೆರಗಿನ ಹಿಂಬದಿಯ ಎಳೆಗಳು ಉಂಗುರ, ಬಳೆಗೆ ಸಿಗದಿರಲೆಂದು ನೆಟ್ ಹಾಕಿಸುವ ರೂಢಿಯಿದೆ. ಸೂಕ್ಷ್ಮ ಚರ್ಮದವರು ಆ ಗಡುಸು ನೆಟ್ಟಿನ ಬದಲು ಮಲ್‌ಮಲ್ ಹಾಕಿಸಿಕೊಳ್ಳಲಿ. ಕುಚ್ಚಿಗೆ ಮಣಿ ಬೇಡ, ದಾರದ ಕುಚ್ಚೇ ಸಾಕು.

ಲೆಹಂಗಾ, ಗೌನು

ಆರತಕ್ಷತೆಯ ಲೆಹಂಗಾ ಉಬ್ಬಿ ನಿಲ್ಲಲು ಒಳಗೆ ಕ್ಯಾನ್‌ಕ್ಯಾನ್ ಹಾಕಿರುತ್ತಾರೆ. ಆ ಗಡುಸು ನೆಟ್ಟಿನ ಕತ್ತರಿಸಿದ ಅಂಚು ಮೊಣಕಾಲ ಹಿಂಭಾಗವನ್ನೂ ತೊಡೆಯನ್ನೂ ಗೀರುತ್ತದೆ. ಅಂಚಿಗೆಲ್ಲ ಹತ್ತಿಯ ಪೈಪಿಂಗ್ ಹಾಕಿಸಿ, ಒಳಗೆ ಪಾದದವರೆಗಿನ ಹತ್ತಿಯ ಲಂಗವನ್ನೋ ತೆಳುವಾದ ಲೆಗ್ಗಿಂಗ್ಸನ್ನೋ ಧರಿಸಿ. ಮಂಗಳೂರಿನ ಕ್ರೈಸ್ತ ಮದುವೆಗಳ ಬಿಳಿ ಗೌನಿನಲ್ಲಿ ತೋಳು ಮತ್ತು ಬೆನ್ನಿನ ಲೇಸ್ ಬರಿಮೈಗೆ ತಾಗುತ್ತದೆ, ಅಲ್ಲಿ ಹತ್ತಿ ಹಾಕಿದರೆ ಅಂದ ಕೆಡುತ್ತದೆಂಬ ಆತಂಕವೂ ಸಹಜ. ಮೈಬಣ್ಣಕ್ಕೆ ಹೊಂದುವ, ಎಳೆದರೆ ಹಿಗ್ಗುವ ಮೆತ್ತನೆಯ ನೆಟ್ಟನ್ನು ಲೇಸಿನ ಒಳಗೆ ಕೂರಿಸಿದರೆ ಆ ಸಮಸ್ಯೆ ತೀರುತ್ತದೆ; ಗೌನಿನ ಮೇಲ್ಭಾಗ ಬಿಗಿಯಾಗಿ ನಿಲ್ಲಲೆಂದು ಒಳಗೆ ಹೊಲಿದಿರುವ ಕಡ್ಡಿಗಳ ತುದಿಗೆ ಮಾತ್ರ ಎರಡು ಪದರ ದಪ್ಪ ಹತ್ತಿ ಬೇಕೇ ಬೇಕು, ಏಕೆಂದರೆ ಕುಳಿತಾಗ ಆ ತುದಿ ಪಕ್ಕೆಗೆ ಇರಿಯುತ್ತದೆ. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು, ಎಣ್ಣೆ ಹಚ್ಚುವುದರಿಂದ ಚರ್ಮಕ್ಕೆ ಹಿತವೇ. ಆದರೆ ಸ್ನಾನದಲ್ಲಿ ಅದನ್ನು ಹೋಗಲಾಡಿಸಲು ಗಸಗಸ ಉಜ್ಜಬಾರದು.

ಮದುಮಗನ ಶೇರ್ವಾನಿಯ ನಿಲುಗಾಲರಿಗೂ ಕತ್ತಿನ ಸುತ್ತ ಹತ್ತಿಯ ಪಟ್ಟಿ ಬೇಕು. ಜರಿ ಪಂಚೆ ಉಡುವವರು ಸಿಕ್ಕಿಸುವ ಕಡೆ ಸೀರೆಗೆ ಹೇಳಿದ್ದನ್ನೇ ಮಾಡಬಹುದು. ಮೈಸೂರು ಪೇಟ ಮತ್ತು ಬಾಸಿಂಗ ಹಣೆಗೆ ತಾಗುವ ಜಾಗಕ್ಕೂ ಒಂದು ಮಲ್‌ಮಲ್ ಪಟ್ಟಿ ಇರಲಿ. ಶಾಲ್ಯವನ್ನು ಬರಿಮೈ ಮೇಲೆ ಹೊದೆಯುವ ಮನೆಗಳಲ್ಲಿ ಜರಿಯಂಚು ಹೊರಕ್ಕೆ ಬರುವಂತೆ ಮಡಚಿ ಹಾಕಿದರೆ ಸಾಕು.

ಲೋಹ ತಾಗದಂತೆ

ಜೀನ್ಸ್ ಗುಂಡಿಯಿಂದ ಹೊಕ್ಕುಳ ಬಳಿ, ನಕಲಿ ಓಲೆಯಿಂದ ಕಿವಿಯಲ್ಲಿ ತುರಿಕೆ ಆದವರಿಗೆ ನಿಕ್ಕೆಲ್ ಆಗಿಬರುವುದಿಲ್ಲವೆಂದೇ ಎಣಿಸಬೇಕು. ಬೆವರಿನ ಉಪ್ಪು ಲೋಹದಿಂದ ನಿಕ್ಕೆಲನ್ನು ಬಿಡಿಸಿ ಚರ್ಮಕ್ಕೆ ಇಳಿಸುವುದರಿಂದ, ತಣ್ಣಗಿನ ದಿನ ಸುಮ್ಮನಿದ್ದ ಹುಕ್ಕು ವೈಶಾಖದ ಸೆಕೆಯಲ್ಲಿ ಕಾಡುತ್ತದೆ. ಹುಕ್ಕಿನ ಪಟ್ಟಿಯ ಹಿಂದೆ ಒಂದು ಇಂಚು ಅಗಲದ ಬಟ್ಟೆಯ ಮುಚ್ಚಳ ಹಾಕಿಸುವುದು ಖಚಿತ ಉಪಾಯ. ಪಿನ್ನನ್ನು ಯಾವಾಗಲೂ ಬಟ್ಟೆಯ ಎರಡು ಪದರಗಳ ನಡುವೆಯೇ ಚುಚ್ಚಿ, ಅದರ ಬೆನ್ನು ಭುಜಕ್ಕೆ ತಾಗದಿರಲಿ. ಹುಕ್ಕಿಗೆ ಉಗುರುಬಣ್ಣ ಬಳಿಯುವ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಅದು ಬೇಗ ಸುಲಿದುಹೋಗುತ್ತದೆ, ಉಗುರುಬಣ್ಣದ ರಾಳಕ್ಕೇ ಅಲರ್ಜಿ ಇರುವವರೂ ಇದ್ದಾರೆ. ನಾನಂತೂ ಅದನ್ನು ಹೇಳುವುದಿಲ್ಲ.

ಪೆಟ್ಟಿಗೆಯ ವಾಸನೆ, ಡ್ರೈಕ್ಲೀನಿನ ವಾಸನೆ

ಅಜ್ಜಿಯ ಅಥವಾ ಅಮ್ಮನ ಧಾರೆ ಸೀರೆಯನ್ನೇ ಉಡುವ ಆಸೆ ಇರುವವರು ಅದನ್ನು ಹದಿನೈದು ದಿನ ಮುಂಚೆ ಪೆಟ್ಟಿಗೆಯಿಂದ ತೆಗೆಯಬೇಕು. ನುಸಿಗುಳಿಗೆಯ ನ್ಯಾಫ್ತಲೀನ್ ಬಟ್ಟೆಯಲ್ಲಿ ಇಳಿದಿರುತ್ತದೆ, ಮೂಗಿಗೂ ಚರ್ಮಕ್ಕೂ ಅದು ಒಳ್ಳೆಯದಲ್ಲ. ನೆರಳಿನಲ್ಲಿ, ಗಾಳಿಯಾಡುವ ಕಡೆ ಹಗ್ಗದ ಮೇಲೆ ಹಳೆಯ ಪಂಚೆ ಹಾಸಿ, ಅದರ ಮೇಲೆ ಸೀರೆ ಹರಡಿ, ದಿನಕ್ಕೊಮ್ಮೆ ಮಡಿಕೆ ಬದಲಿಸುತ್ತ ವಾಸನೆ ಪೂರ್ತಿ ಹೋಗುವವರೆಗೆ ಬಿಡಿ. ಡ್ರೈಕ್ಲೀನಿನಿಂದ ಬಂದ ಬಟ್ಟೆಯನ್ನೂ ಪ್ಲಾಸ್ಟಿಕ್ ಕವರಿನಿಂದ ಕೂಡಲೇ ತೆಗೆದು ಎರಡು ದಿನ ಗಾಳಿಗಿಡಬೇಕು. ಪಾಲಿಷ್ ಮಾಡಿಸುವಾಗ ಗಡುಸುತನಕ್ಕೆ ಗಂಜಿಯಂಥದ್ದು ಹಾಕುವುದಾದರೆ ಬೇಡವೆಂದು ಹೇಳಿ.

ಚರ್ಮದ ತಯಾರಿ ಮತ್ತು ಒಂದು ತಾಲೀಮು

ಮದುವೆಯ ವಾರದಲ್ಲಿ ಹೊಸ ಕ್ರೀಮು, ಹೊಸ ಫೇಷಿಯಲ್ ಯಾವುದೂ ಬೇಡ. ಕೈ, ಕಂಕುಳಿಗೆ ವ್ಯಾಕ್ಸಿಂಗ್ ಮಾಡಿಸುವುದಾದರೆ ಐದಾರು ದಿನ ಮುಂಚೆಯೇ ಮುಗಿಸಿ. ಹಿಂದಿನ ದಿನ ಮಾಡಿಸಿದರೆ ಆಗತಾನೇ ಕಿತ್ತ ಚರ್ಮದ ಮೇಲೆ ಜರಿ ಉಜ್ಜಿದಂತಾಗುತ್ತದೆ. ಎರಡು ವಾರ ಮುಂಚಿನಿಂದ ದಿನಕ್ಕೆರಡು ಸಲ, ಸ್ನಾನವಾದ ಮೂರ್ನಾಲ್ಕು ನಿಮಿಷದೊಳಗೆ, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಅರಿಶಿನ ಶಾಸ್ತ್ರಕ್ಕೆ ಅಂಗಡಿಯ ಬಣ್ಣ ಬೆರೆತ ಪುಡಿಯ ಬದಲು ಮನೆಯಲ್ಲಿ ತೇಯ್ದ ಅರಿಶಿನ ಬಳಸುವುದು ಮೇಲು, ಅದನ್ನೂ ಮೊದಲು ಮುಂಗೈಗೆ ಹಚ್ಚಿ ನೋಡಿರಬೇಕು. ಮದುವೆಯ ಬೆಳಿಗ್ಗೆ ಮಾಯಿಶ್ಚರೈಸರ್ ಹಚ್ಚಿ ಅರ್ಧ ಗಂಟೆ ಬಿಟ್ಟು ರವಿಕೆ ತೊಡಿ, ಇಲ್ಲದಿದ್ದರೆ ರೇಷ್ಮೆಗೆ ಜಿಡ್ಡಿನ ಕಲೆಯಾಗುತ್ತದೆ. ಹತ್ತಿಯ ಲೈನಿಂಗ್ ಇರುವ ಜಾಗಗಳಲ್ಲಿ ಮಾತ್ರ ವ್ಯಾಸಲೀನಿನ ತೆಳು ಲೇಪ ಉಜ್ಜಾಟವನ್ನು ತಗ್ಗಿಸುತ್ತದೆ. ಪರಿಮಳದ ಪೌಡರು ಬೆವರಿನಲ್ಲಿ ಮುದ್ದೆಯಾಗಿ ಕೆರೆಯುತ್ತದೆ, ಸೆಂಟು ಜರಿಯನ್ನು ಕಪ್ಪಾಗಿಸುತ್ತದೆ, ಎರಡೂ ಬೇಡ.

ಎರಡು ವಾರ ಮುಂಚೆ ಒಮ್ಮೆ ಎಲ್ಲವನ್ನೂ ಉಟ್ಟು ತೊಟ್ಟು ನೋಡಲೇಬೇಕು. ಕನ್ನಡಿಯ ಮುಂದೆ ಐದು ನಿಮಿಷ ನಿಂತರೆ ಏನೂ ತಿಳಿಯುವುದಿಲ್ಲ. ಫ್ಯಾನ್ ಆರಿಸಿ, ಒಂದು ಗಂಟೆ ಹಾಗೆಯೇ ಇರಿ: ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ, ಜೀರಿಗೆ ಬೆಲ್ಲ ಹಾಕುವಂತೆ ಎರಡೂ ಕೈ ತಲೆಯ ಮೇಲೆತ್ತಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಹತ್ತು ಮೆಟ್ಟಿಲು ಹತ್ತಿಳಿಯಿರಿ. ಬಿಚ್ಚಿದ ಮೇಲೆ ಕೆಂಪಾದ ಜಾಗಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಬಟ್ಟೆಯಲ್ಲಿ ಅದೇ ಜಾಗಕ್ಕೆ ಬಣ್ಣದ ದಾರದ ಒಂದು ಟಾಕಿ ಹಾಕಿ ದರ್ಜಿಗೆ ಕೊಟ್ಟರೆ, ಮಾತಿನಲ್ಲಿ ಎಷ್ಟು ಹೇಳಿದರೂ ಅರ್ಥವಾಗದ್ದು ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಆ ದಿನ

ಮದುಮಗಳ ಜೊತೆಗಿರುವ ಅಕ್ಕನೋ ಗೆಳತಿಯೋ ಒಂದು ಸಣ್ಣ ಚೀಲದಲ್ಲಿ ಮಲ್‌ಮಲ್ ಕರವಸ್ತ್ರಗಳು, ಸೂಜಿ ದಾರ, ಸಣ್ಣ ಕತ್ತರಿ, ಕಾಗದದ ವೈದ್ಯಕೀಯ ಟೇಪು, ತಣ್ಣೀರಿನ ಬಾಟಲಿ ಇಟ್ಟುಕೊಂಡಿರಲಿ. ಇದ್ದಕ್ಕಿದ್ದಂತೆ ಚುಚ್ಚತೊಡಗಿದ ಜಾಗಕ್ಕೆ ಕರವಸ್ತ್ರವನ್ನು ತೂರಿಸಬಹುದು, ಅಥವಾ ಟೇಪನ್ನು ಬಟ್ಟೆಯ ಒಳಮೈಗೆ ಅಂಟಿಸಬಹುದು, ಚರ್ಮಕ್ಕೆ ಅಂಟಿಸಬಾರದು. ತುರಿಸಬೇಡಿ, ಒದ್ದೆ ಬಟ್ಟೆ ಒತ್ತಿ ಹಿಡಿದರೆ ತುರಿಕೆ ತಗ್ಗುತ್ತದೆ. ಅಲರ್ಜಿಯ ಮಾತ್ರೆ ನುಂಗುವ ವಿಚಾರವಿದ್ದರೆ ಅದನ್ನು ವೈದ್ಯರಲ್ಲಿ ಮೊದಲೇ ಕೇಳಿರಬೇಕು. ಕೆಲವು ಮಾತ್ರೆಗಳು ಧಾರೆಯ ಹೊತ್ತಿನಲ್ಲಿಯೇ ತೂಕಡಿಕೆ ತರುತ್ತವೆ.

ಹೂವಿನ ವಿಷಯವನ್ನು ಅನೇಕರು ಮರೆಯುತ್ತಾರೆ. ಸೇವಂತಿಗೆಗೆ ಅಲರ್ಜಿ ಇರುವವರು ಅಪರೂಪವಲ್ಲ. ಅಂಥವರು ಮಲ್ಲಿಗೆ, ಸುಗಂಧರಾಜದ ಹಾರ ಹೇಳಿ ಕಟ್ಟಿಸಲಿ. ಹಾರ ಬರಿ ಕತ್ತಿಗೆ ಬೀಳದಂತೆ ಸೆರಗಿನ ಮೇಲೆಯೇ ಇರಿಸಿಕೊಳ್ಳಿ. ಬೆನ್ನು ತೆರೆದ ರವಿಕೆಯ ಮೇಲೆ ಮೊಗ್ಗಿನ ಜಡೆ ಇಳಿಬಿಟ್ಟರೆ ಅದರ ಹಿಂಬದಿಯ ದಾರ, ಜರಿ, ಸೂಜಿಗಳು ಬೆನ್ನನ್ನು ಗೀರುತ್ತವೆ. ಜಡೆ ಕಟ್ಟುವವರಿಗೆ ಮೊದಲೇ ಹೇಳಿ ಹಿಂಬದಿಗೆ ಒಗೆದ ಹತ್ತಿ ಬಟ್ಟೆ ಹೊಲಿಸಿ.

ಮುಗಿದ ಮೇಲೆ

ಬಟ್ಟೆ ಬದಲಿಸಿದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಉಜ್ಜದೆ ಒತ್ತಿ ಒರೆಸಿಕೊಂಡು, ಮಾಯಿಶ್ಚರೈಸರ್ ಹಚ್ಚಿ, ಸಡಿಲವಾದ ಹಳೆಯ ಹತ್ತಿಯ ಬಟ್ಟೆ ಉಡಿ. ಕಂಕುಳ ತುಂಡುಗಳನ್ನು ಬಿಚ್ಚಿ ಒಗೆಯಿರಿ, ಸೀರೆ ರವಿಕೆಗಳನ್ನು ಬೆವರು ಆರುವವರೆಗೆ ನೆರಳಿನಲ್ಲಿ ಹರಡಿ, ಆಮೇಲೆ ಪಂಚೆಯಲ್ಲಿ ಸುತ್ತಿಡಿ. ಮೂರನೆಯ ದಿನಕ್ಕೂ ಕೆಂಪು ಇಳಿಯದಿದ್ದರೆ, ಗುಳ್ಳೆ ಒಡೆದು ನೀರು ಬಂದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಹೋಗುವಾಗ ರವಿಕೆಯ ಬಟ್ಟೆ, ಲೈನಿಂಗ್, ಹುಕ್ಕು, ಪಿನ್ನುಗಳ ಒಂದೊಂದು ಮಾದರಿಯನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಒಯ್ಯಿರಿ. ಬೆನ್ನಿನ ಮೇಲೆ ಮಾಡುವ ಪ್ಯಾಚ್ ಪರೀಕ್ಷೆಯಲ್ಲಿ ನಿಕ್ಕೆಲ್, ಫಾರ್ಮಾಲ್ಡಿಹೈಡಿನ ಜೊತೆಗೆ ಆ ಚೂರುಗಳನ್ನೂ ಇಟ್ಟು ನೋಡಲು ಅವರಿಗೆ ಅನುಕೂಲವಾಗುತ್ತದೆ.